ಹಣ್ಣಿನ ವಾರ

"ನಿನ್ನಿ ಬಾಳೆಹಣ್ಣೆಲ್ಲಾ ಎಲ್ಲಿ ಹೋದ್ವು?"

ಮಹಾದೇವಿ ಕೇಳಿದ್ದು ಯಾರನ್ನೂ ಅಲ್ಲ. ಎದುರಿಗೆ ಇದ್ದದ್ದು ಗೋಡೆಯ ಮೇಲಿನ ಸರಸ್ವತಿಯ ಪಟ, ಪಟದ ಕೆಳಗೆ ಒಂದು ಗಿಡ್ಡ ಸ್ಟೂಲು, ಸ್ಟೂಲಿನ ಮೇಲೆ ಬರಿದಾದ ಬಿದಿರಿನ ಬುಟ್ಟಿ. ಸೋಮವಾರ ಎಲ್‌ಕೆಜಿ ಮಕ್ಕಳು ತಂದಿದ್ದ ಹಳದಿ ಹಣ್ಣುಗಳಿಂದ ಅದು ತುಂಬಿ ಚೆಲ್ಲುವಂತಿತ್ತು. ಒಂದೊಂದು ಹಣ್ಣಿಗೂ ತಂದ ಮಗುವಿನ ಹೆಸರಿನ ಚೀಟಿ ಅಂಟಿಸಿದವಳು ಅವಳೇ. ಮಂಗಳವಾರ ಬೆಳಿಗ್ಗೆ ಬಂದು ನೋಡಿದರೆ ತಳದಲ್ಲಿ ಕಪ್ಪಾದ ಒಂದು ತೊಟ್ಟು ಮಾತ್ರ ಬಿದ್ದುಕೊಂಡಿತ್ತು.

ಮೂಲೆಯಲ್ಲಿ ಕಸ ಗುಡಿಸುತ್ತಿದ್ದ ಆಯಾ ಗಂಗಮ್ಮ ಕೇಳಿಸಿಯೂ ಕೇಳಿಸದವಳಂತೆ ಗುಡಿಸುತ್ತಲೇ ಇದ್ದಳು. ಆಮೇಲೆ ಪೊರಕೆಗೆ ಹೇಳುವವಳ ಹಾಗೆ ಅಂದಳು: "ಎಲ್ಲೋಯ್ತವೆ ಮಿಸ್ಸು, ರೆಕ್ಕೆ ಬಂದು ಆರೋಯ್ತವಾ? ಮೇಲಕ್ಕೋದೋ."

"ಮೇಲಕ್ಕಂದ್ರ?"

"ಮೇಡಮ್ಮಾರ ಮನೆಗೆ. ಸುಕ್ರವಾರ ಏನು ಅಂತ ಕ್ಯಾಲೆಂಡ್ರು ನೋಡ್ಕಳಿ. ನಾನು ಈ ಇಸ್ಕೂಲಿಗೆ ಬಂದಾಗ್ಲಿಂದ್ಲೂವೆ ಅಣ್ಣಿನ ವಾರ ಅನ್ನಾದು ಈ ವಾರಾನೇ ಬರಾದು."

ಶುಕ್ರವಾರ ವರಮಹಾಲಕ್ಷ್ಮಿ ಹಬ್ಬ. ಅದು ಮಹಾದೇವಿಗೂ ಗೊತ್ತಿತ್ತು. ಲಗ್ಗೆರೆಯ ಗಲ್ಲಿಗಳಲ್ಲಿ ತಳ್ಳುಗಾಡಿಗಳವರು ಆಗಲೇ ಹಣ್ಣಿಗೂ ಹೂವಿಗೂ ಬಾಯಿಗೆ ಬಂದ ಬೆಲೆ ಹೇಳತೊಡಗಿದ್ದರು. ಆದರೆ ಹಬ್ಬಕ್ಕೂ ಹಣ್ಣಿನ ವಾರಕ್ಕೂ ಗಂಟು ಹಾಕಿ ನೋಡುವಷ್ಟು ಕೆಟ್ಟ ಬುದ್ಧಿ ಅವಳಿಗಿರಲಿಲ್ಲ.

ಶಾಲೆಯೆಂದರೆ ಸೊಣ್ಣಪ್ಪನವರ ಬಿಲ್ಡಿಂಗಿನ ನೆಲಮಹಡಿ. ಒಂದು ಕಾಲಕ್ಕೆ ಅವರ ರಾಗಿ ಹೊಲ ಇದ್ದ ಜಾಗ. ಮೊದಲ ಮಹಡಿಯಲ್ಲಿ ಅವರ ಮನೆ, ಅದರ ಮೇಲೆಲ್ಲ ಪೀಣ್ಯದ ಕಾರ್ಖಾನೆಗಳಿಗೆ ಹೋಗುವವರ ಬಾಡಿಗೆ ರೂಮುಗಳು. ಸೊಣ್ಣಪ್ಪನವರ ಸೊಸೆ ಶೋಭಾರಾಣಿಯೇ ಶಾಲೆಯ ಒಡತಿ, ಅವರೇ ಪ್ರಿನ್ಸಿಪಾಲು. ಮಹಾದೇವಿ ಬಾಗಲಕೋಟೆ ಕಡೆಯವಳು. ಗಂಡ ಸಂಗಣ್ಣ ಪೀಣ್ಯದಲ್ಲಿ ಲೇತ್ ಮೇಲೆ ಕೆಲಸ ಮಾಡುತ್ತಿದ್ದ. ಅವಳು ಇಲ್ಲಿಗೆ ಸೇರಿದ್ದು ಜೂನ್‌ನಲ್ಲಿ. ಮಾತು ಕಡಿಮೆ. ಅವಳಪ್ಪ ದಿನಾ ಬೆಳಿಗ್ಗೆ ಲಿಂಗಪೂಜೆ ಮುಗಿಸಿ ವಚನ ಹೇಳುವಾಗ ಬಾಗಿಲ ಹತ್ತಿರ ಕೂತು ಕೇಳಿ ಬೆಳೆದವಳು. ಕೇಳುವುದು ರೂಢಿಯಾಗಿತ್ತು, ಎದುರು ಹೇಳುವುದು ಆಗಿರಲಿಲ್ಲ.

ಹಣ್ಣಿನ ವಾರದ ಕ್ರಮವನ್ನು ಶೋಭಾರಾಣಿಯೇ ಹೇಳಿಕೊಟ್ಟಿದ್ದರು. ದಿನಕ್ಕೊಂದು ಬಣ್ಣ. ಮಕ್ಕಳು ಆ ಬಣ್ಣದ ಹಣ್ಣು ತರಬೇಕು, ನೋಡಬೇಕು, ಮುಟ್ಟಬೇಕು, ಮೂಸಬೇಕು, ಇಂಗ್ಲಿಷಿನಲ್ಲಿ ಹೆಸರು ಹೇಳಬೇಕು. ಕೊನೆಗೆ ಹೆಚ್ಚಿ ಒಂದೊಂದು ಹೋಳು ಕೊಡಲೇ ಎಂದು ಮಹಾದೇವಿ ಸೋಮವಾರವೇ ಕೇಳಿದ್ದಳು.

"ಅಯ್ಯೋ ಬೇಡಮ್ಮ! ಕೆಮ್ಮು ಬಂತು, ನೆಗಡಿ ಬಂತು ಅಂತ ಪೇರೆಂಟ್ಸ್ ಬಂದು ನನ್ ತಲೆ ಮೇಲೆ ಕೂತ್ಕೋತಾರೆ. ತಿನ್ನೋದು ಮನೇಲಿ. ಸ್ಕೂಲಲ್ಲಿ ಲರ್ನಿಂಗು."

ಮಕ್ಕಳ ಕೈಗೆ ಸಿಕ್ಕರೆ ಕಚ್ಚಿಬಿಟ್ಟಾರು ಎಂದು ಮಹಾದೇವಿ ಬುಟ್ಟಿಯನ್ನು ಪಟದ ಮುಂದೆ ಇಟ್ಟಳು. ದೇವರ ಮುಂದಿನದನ್ನು ಯಾರೂ ಮುಟ್ಟಲಾರರು ಎಂದು ಅವಳ ಲೆಕ್ಕ. ದಿನಾ ಬೆಳಿಗ್ಗೆ ಆ ಬುಟ್ಟಿಯ ಮುಂದೆಯೇ ಮಕ್ಕಳು ಕೈ ಜೋಡಿಸಿ, ಕಣ್ಣು ಮುಚ್ಚಿ, ಅವಳು ಹೇಳಿಕೊಟ್ಟ ಪ್ರಾರ್ಥನೆಯ ಪದವನ್ನು ಸಾಲುಸಾಲಾಗಿ ಹೇಳುತ್ತಿದ್ದರು. ಕಣ್ಣು ಬಿಟ್ಟರೆ ಹಣ್ಣು. ಹಣ್ಣು ನೋಡುತ್ತಾ ಕೂತರೆ ಊಟದ ಬೆಲ್ಲು.

ಬುಧವಾರ ಕೆಂಪು ಹಣ್ಣು. ಗೇಟಿನ ಹತ್ತಿರ ಬಸಕ್ಕ ಮಗಳನ್ನು ಕಂಕುಳಿನಿಂದ ಇಳಿಸಿದಳು. ಸುರಪುರದ ಕಡೆಯ ಹೆಂಗಸು. ಹತ್ತಿರದಲ್ಲೇ ಏಳುತ್ತಿದ್ದ ಅಪಾರ್ಟ್‌ಮೆಂಟಿನ ಕಾಮಗಾರಿಯಲ್ಲಿ ಸಿಮೆಂಟು ಹೊರುತ್ತಿದ್ದಳು. ಮನೆ ಅಲ್ಲೇ ತಗಡಿನ ಶೆಡ್ಡು. ಮಗಳು ಭಾಗ್ಯಶ್ರೀಗೆ ಸರ್ಕಾರದ ಕಾನೂನಿನಿಂದ ಪುಕ್ಕಟೆ ಸೀಟು ಸಿಕ್ಕಿತ್ತು. ಸೆರಗಿನ ಗಂಟು ಬಿಚ್ಚಿ ಬಸಕ್ಕ ಒಂದು ದಾಳಿಂಬೆ ತೆಗೆದಳು. ಮುಷ್ಟಿಯೊಳಗೆ ಅಡಗಿಹೋಗುವಷ್ಟು ಚಿಕ್ಕದು.

"ಅಕ್ಕೋರ, ಇದು ನಡೀತದಿಲ್ರೀ?"

"ನಡೀತದ ಬಸಕ್ಕ. ಭಾಳ ಚಂದ ಐತಿ."

ಹಿಂದೆಯೇ ನಿಂತಿದ್ದ ಶೋಭಾರಾಣಿ ಇಣುಕಿ ನೋಡಿದರು. "ಇದೇನಮ್ಮ, ನಿಂಬೆಹಣ್ಣಾ? ಒಂಚೂರು ದೊಡ್ದು ನೋಡ್ಕೊಂಡ್ ತರಬಾರ್ದಾ? ಲಿಖಿತ್ ತಂದಿರೋದು ನೋಡು, ಹೆಂಗಿದೆ!"

"ಗಿಡದಾಗ ಇದು ಇಷ್ಟ ಬೆಳದಿತ್ರಿ ಮೇಡಂ, ನಾ ಎಳದು ದೊಡ್ಡದು ಮಾಡಾಕ ಬರ್ತದೇನ್ರಿ?" ಎಂದು ನಕ್ಕು ಬಸಕ್ಕ ಕೆಲಸಕ್ಕೆ ಓಡಿದಳು.

ಗುರುವಾರ ಹಸಿರು. ಸೀಬೆ, ಮೂಸಂಬಿ, ದ್ರಾಕ್ಷಿ. ಪ್ರಾರ್ಥನೆ ಆಗಷ್ಟೇ ಮುಗಿದಿತ್ತು, ಗಂಗಮ್ಮ ಬಾಗಿಲಲ್ಲಿ ಕಾಣಿಸಿಕೊಂಡಳು. "ಮಿಸ್ಸು, ಮೇಡಮ್ಮಾರು ಕರೀತಾವ್ರೆ. ಲಕ್ಸ್ಮಿಗೆ ಸೀರೆ ನೆರಿಗೆ ಇಡೀಬೇಕಂತೆ. ನಿಮ್ ಕೈಯಲ್ಲಿ ಸಂದಾಗಿ ಬತ್ತದಂತೆ."

"ಮಕ್ಕಳನ್ನ ಬಿಟ್ಟು ಹ್ಯಾಂಗ ಬರಲಿ?"

"ನಾನೇನ್ ಯೋಳ್ಲಿ, ಬನ್ನಿ."

ಮೇಲಿನ ಮನೆಯ ಹಾಲ್‌ನಲ್ಲಿ ಬಾಳೆಕಂದು ಕಟ್ಟಿದ್ದರು. ಮಣೆಯ ಮೇಲೆ ಕಲಶ, ಸುತ್ತ ತಟ್ಟೆಗಳು, ತಟ್ಟೆಗಳಲ್ಲಿ ಗೋಪುರದಂತೆ ಜೋಡಿಸಿದ ಹಣ್ಣು. ಮಹಾದೇವಿ ಹಸಿರು ರೇಷ್ಮೆಯ ನೆರಿಗೆ ಬೆರಳಿನಲ್ಲಿ ಹಿಡಿದವಳು ಹಾಗೇ ನಿಂತಳು. ಗಂಗಮ್ಮ ನೆಲದ ಮೇಲೆ ಕೂತು ಒದ್ದೆ ಬಟ್ಟೆಯಿಂದ ಹಣ್ಣುಗಳ ಮೇಲಿನ ಚೀಟಿ ಉಜ್ಜಿ ಕೀಳುತ್ತಿದ್ದಳು. ಉಗುರಿಗೆ ಅಂಟಿಕೊಂಡ ಹೆಸರುಗಳನ್ನು ಸೀರೆಗೆ ಒರೆಸಿಕೊಳ್ಳುತ್ತಿದ್ದಳು. ಲಿಖಿತನ ದಾಳಿಂಬೆ ದೇವಿಯ ಬಲಗಡೆಗೆ ಹೋಯಿತು.

"ಈ ಸಣ್ಣದ್ನ ಎಲ್ಲಿಡಾದು ಮೇಡಮ್ಮಾರೆ?"

ಶೋಭಾರಾಣಿ ತಿರುಗಿ ನೋಡಿದರು. "ಥೂ, ಅದನ್ನ ಇಡಬೇಡ. ಹಸುಗೆ ಹಾಕು."

ಮಹಾದೇವಿಯ ಕೈಯ ನೆರಿಗೆ ಜಾರಿತು. ಮತ್ತೆ ಮೊದಲಿಂದ ಹಿಡಿದಳು. ಎದುರಿಗಿದ್ದ ಬೆಳ್ಳಿ ಮುಖಕ್ಕೆ ಕೈ ಮುಗಿಯಲೂ ಅವಳಿಗೆ ಆಗಲಿಲ್ಲ. ಸೀರೆ ಉಡಿಸಿ ಮುಗಿಸಿದವಳೇ ಮೆಟ್ಟಿಲಿಳಿದಳು.

ಕೆಳಗೆ ಕೂಗಾಟವಿರುತ್ತದೆ ಎಂದುಕೊಂಡು ಬಂದರೆ ತರಗತಿ ಶಾಂತವಾಗಿತ್ತು. ಮಕ್ಕಳು ಸಾಲಾಗಿ ಚಕ್ಕಂಬಕ್ಕಳ ಹಾಕಿ ಕೂತು ಎಡಗೈ ಮೇಲೆ ಬಲಗೈ ಇಟ್ಟು ಬೊಗಸೆ ಚಾಚಿದ್ದರು. ಭಾಗ್ಯಶ್ರೀ ಫ್ರಾಕಿನ ಮಡಿಲಲ್ಲಿ ದ್ರಾಕ್ಷಿ ತುಂಬಿಕೊಂಡು ಒಬ್ಬೊಬ್ಬರ ಕೈಗೂ ಒಂದೊಂದೇ ಹಾಕುತ್ತಾ ಬರುತ್ತಿದ್ದಳು.

"ಕಣ್ಣಿಗೆ ಒತ್ಕೋ. ಆಮ್ಯಾಗ ತಿನ್ನು."

"ನಂಗೆ ಇನ್ನೊಂದು ಕೊಡೇ," ಎಂದ ಲಿಖಿತ್. ಅವನ ಇನ್ನೊಂದು ಕೈಯಲ್ಲಿ ಆಗಲೇ ಕಚ್ಚಿದ ಸೀಬೆಯಿತ್ತು.

"ಪ್ರಸಾದ ಎಲ್ಡ ಸಲ ಕೇಳಬಾರ್ದು. ದೇವ್ರು ಬೈತದ."

ಅಷ್ಟರಲ್ಲಿ ಅವಳು ಮಹಾದೇವಿಯನ್ನು ನೋಡಿದಳು. ಹೆದರಲಿಲ್ಲ. ಓಡಿಬಂದು, "ಮಿಸ್, ನಿಮ್ಮದು," ಎಂದು ಒಂದು ದ್ರಾಕ್ಷಿ ಎತ್ತಿ ಹಿಡಿದಳು. ಮಹಾದೇವಿ ಅದನ್ನು ಕಣ್ಣಿಗೆ ಒತ್ತಿಕೊಂಡು ಬಾಯಿಗೆ ಹಾಕಿಕೊಂಡಳು. ಬೇರೇನು ಮಾಡಬೇಕೆಂದು ಅವಳಿಗೆ ತಿಳಿಯಲೇ ಇಲ್ಲ.

ಬುಟ್ಟಿ ಒಯ್ಯಲು ಬಂದ ಶೋಭಾರಾಣಿ ಬಾಗಿಲಲ್ಲೇ ಕಿರುಚಿದರು. "ಏಯ್! ಯಾರು ಮುಟ್ಟಿದ್ದು ಇದನ್ನ?"

ರಸ ಸುರಿಯುವ ಬಾಯಿಗಳೆಲ್ಲ ಒಮ್ಮೆಲೇ ಮುಚ್ಚಿಕೊಂಡವು. ಯಾರೆಂದು ತಿಳಿಯಲು ಭಾಗ್ಯಶ್ರೀಯ ಫ್ರಾಕಿನ ಒದ್ದೆ ಕಲೆಯೇ ಸಾಕಾಯಿತು.

"ಕಳ್ಳಿ! ಬಿಟ್ಟಿ ಸೀಟಿನೋರು ಅಂತ ಸೇರಿಸ್ಕೊಂಡ್ರೆ ಮನೇಲಿ ಕಲಿಸಿರೋದೇ ಇದು."

"ಮೇಡಂ, ಕದ್ದಿಲ್ಲ ಆಕಿ," ಎಂದಳು ಮಹಾದೇವಿ. "ದೇವರ ಮುಂದ ಇಟ್ಟಾಕಿ ನಾನು. ಪದ ಹೇಳಿಸಿದಾಕಿ ನಾನು. ಪ್ರಸಾದ ಅಂತ ತಿಳದು ಹಂಚೇದ ಕೂಸು."

"ಪ್ರಸಾದನಾ? ಪೂಜೆ ಮಾಡಿದೋರ್ ಯಾರ್ರೀ ಇಲ್ಲಿ? ಸ್ಕೂಲ್ ಪ್ರೇಯರು ಪೂಜೆನಾ? ನೀವೂ ತಿಂದ್ರಾ ಹೇಳಿ, ನೋಡೋಣ."

"ತಿಂದೀನ್ರಿ."

ಶೋಭಾರಾಣಿಯ ದನಿ ಇಳಿಯಿತು. ಇಳಿದ ದನಿಯೇ ಹೆಚ್ಚು ಭಯವಾಗುವಂತಿತ್ತು. "ನಾಳೆ ಫ್ರೂಟ್ಸ್ ಡೇ ಫಂಕ್ಷನ್ನು. ವಾರವೆಲ್ಲಾ ತಂದಿದ್ ಹಣ್ಣೆಲ್ಲಿ ಅಂತ ಪೇರೆಂಟ್ಸ್ ಕೇಳ್ತಾರೆ ತಾನೆ? ಇವಳೇ ಹೇಳ್ಲಿ. ಮೈಕಲ್ಲಿ ಎಲ್ಲಾರ್ ಮುಂದೆ. ಸಾರಿ, ಹಣ್ಣು ಕದ್ದು ಹಾಳ್ಮಾಡಿದ್ದು ನಾನೇ ಅಂತ. ಇಂಗ್ಲಿಷಲ್ಲಿ ಕಲಿಸಿ. ಇಲ್ಲಾಂದ್ರೆ ಆ ಹುಡುಗಿ ಸೋಮವಾರದಿಂದ ಬರೋದ್ ಬೇಡ. ನಿಮ್ಮ ವಿಷ್ಯಾನೂ ಆಮೇಲೆ ಮಾತಾಡೋಣ."

ಮೂರು ದಿನದ ಹಣ್ಣು, ಮೇಲೆ ತಟ್ಟೆಗಳಲ್ಲಿ ಗೋಪುರವಾಗಿ ಕೂತ ಅಷ್ಟೂ ಹಣ್ಣು, ಒಂದು ಹಿಡಿ ದ್ರಾಕ್ಷಿ ಹಂಚಿದ ಮಗುವಿನ ತಲೆಗೆ! ಮಹಾದೇವಿ ಆಯ್ತು ಮೇಡಂ ಎನ್ನಲಿಲ್ಲ. ಅನ್ನದಿದ್ದರೂ ಶೋಭಾರಾಣಿ ಅಂದಳೆಂದೇ ತಿಳಿದು ಹೋದರು.

ಮಧ್ಯಾಹ್ನ ಮಗಳನ್ನು ಕರೆದೊಯ್ಯಲು ಬಂದ ಬಸಕ್ಕ ಮಹಾದೇವಿ ಹೇಳಿದ್ದೆಲ್ಲವನ್ನೂ ನಿಂತುಕೊಂಡೇ ಕೇಳಿದಳು.

"ನಮ್ಮ ಶೆಡ್ಡಿನ್ಯಾಗ ಶನಿವಾರಕ್ಕೊಮ್ಮೆ ಹನುಮಪ್ಪನ ಭಜನಿ ಮಾಡ್ತೀವ್ರಿ. ಮಂಗಳಾರತಿ ಆದಮ್ಯಾಗ ಪ್ರಸಾದ ಹಂಚೂದು ಈಕಿದ ಕೆಲ್ಸ. ದೊಡ್ಡೋರು ಹಂಚಿದ್ರ ಹೆಚ್ಚುಕಡಿಮಿ ಮಾಡ್ತಾರ, ಕೂಸು ಮಾಡಂಗಿಲ್ಲ ಅಂತ ಹಿಂಗ ರೂಢಿ." ಮಗಳ ಕೈ ಹಿಡಿದುಕೊಂಡು ಅಂದಳು: "ಅಂದ್ಬಿಡ್ಲಿ ಬಿಡ್ರಿ ಅಕ್ಕೋರ. ಇಂಗ್ಲಿಷಿನ್ಯಾಗ ಅಲ್ಲೇನು? ಸಣ್ಣಾಕಿ, ತಿಳಿಯಂಗಿಲ್ಲ. ಸೀಟ ಉಳೀಲಿ. ನಾ ಹೊತ್ತಾಂಗ ಆಕಿ ಸಿಮೆಂಟ್ ಹೊರೂದು ಬ್ಯಾಡ."

"ಕೂಡಿದವರಿಗೆ ತಿಳೀತದಲ್ಲ ಬಸಕ್ಕ."

"ಕೂಡಿದವ್ರು ನಮ್ಮನ್ನ ಮದ್ಲಿಂದ ಕಳ್ಳರು ಅಂತಾರ್ರೀ," ಎಂದಳು ಬಸಕ್ಕ. ದನಿಯಲ್ಲಿ ಸಿಟ್ಟೂ ಇರಲಿಲ್ಲ. ಅದೇ ಮಹಾದೇವಿಗೆ ಚುಚ್ಚಿತು.

ಬಸಕ್ಕ ಗೇಟಿನ ಹತ್ತಿರ ಕಾಯುತ್ತಾ ಕೂತಳು. ಖಾಲಿ ತರಗತಿಯಲ್ಲಿ ಮಹಾದೇವಿ ಭಾಗ್ಯಶ್ರೀಯನ್ನು ಎದುರಿಗೆ ನಿಲ್ಲಿಸಿಕೊಂಡಳು. ಸೀಟು ಮಗುವಿನದು, ತಾಯಿಯೇ ಒಪ್ಪಿದ್ದಾಳೆ, ಸಂಗಣ್ಣನ ಕಾರ್ಖಾನೆಯಲ್ಲಿ ಕೆಲಸ ಅರ್ಧಕ್ಕೆ ಇಳಿದಿದೆ. ಹೀಗೆ ತನಗೆ ತಾನೇ ಹೇಳಿಕೊಂಡು, "ಸಾರಿ" ಎಂದಳು.

"ಸಾರಿ," ಎಂದಿತು ಮಗು.

"ಐ ಸ್ಟೋಲ್..."

"ಐ ಸ್ಟೋಲ್..."

ಮಹಾದೇವಿ ತಲೆಯೆತ್ತಿ ನೋಡಿದಳು. ಭಾಗ್ಯಶ್ರೀ ಕೈ ಜೋಡಿಸಿದ್ದಳು. ಕಣ್ಣು ಗಟ್ಟಿಯಾಗಿ ಮುಚ್ಚಿದ್ದಳು. ದಿನಾ ಬೆಳಿಗ್ಗೆ ಸಾಲಿಗೆ ಸಾಲು ಹೇಳುವಾಗಿನಂತೆಯೇ ಸಣ್ಣಗೆ ತೂಗುತ್ತಿದ್ದಳು. ಮುಂದಿನ ಸಾಲು ಬಾರದ್ದಕ್ಕೆ ಒಂದು ಕಣ್ಣು ತೆರೆದು ಕೇಳಿದಳು:

"ಇದು ಯಾವ ದೇವರ ಪದಾ ರೀ, ಮಿಸ್?"

ಮಹಾದೇವಿ ಎದ್ದು ಕಿಟಕಿಯ ಕಡೆ ತಿರುಗಿದಳು. "ಇವತ್ತಿಗೆ ಸಾಕವ್ವ. ಮನೀಗೆ ಹೋಗು," ಎಂದಳು.

ಶುಕ್ರವಾರ ಬೆಳಿಗ್ಗೆ ಬಿಲ್ಡಿಂಗಿನ ಮುಂದೆ ಶಾಮಿಯಾನ ಹಾಕಿದ್ದರು. ಮೇಲಿಂದ ಧೂಪದ ವಾಸನೆ ಇಳಿದು ಬರುತ್ತಿತ್ತು. ವೇದಿಕೆಯ ಮೇಜಿನ ಮೇಲೆ ಪ್ಲಾಸ್ಟಿಕ್ ಸೇಬು, ಪ್ಲಾಸ್ಟಿಕ್ ಮಾವು, ಧೂಳು ಕೂತ ಪ್ಲಾಸ್ಟಿಕ್ ದ್ರಾಕ್ಷಿ. ಮಕ್ಕಳು ಅವನ್ನೇ ತೋರಿಸಿ ಹೆಸರು ಹೇಳಿ ಚಪ್ಪಾಳೆ ಗಿಟ್ಟಿಸಿದರು. ಮುಂದಿನ ಸಾಲಿನಿಂದ ಲಿಖಿತನ ಅಮ್ಮ ನಗುತ್ತಾ ಕೇಳಿಯೇಬಿಟ್ಟರು: "ಮೇಡಂ, ನಾವ್ ಕಳಿಸಿದ್ ಒರಿಜಿನಲ್ ಹಣ್ಣೆಲ್ಲಾ ಏನಾಯ್ತು?"

ಕೆಲವರು ನಕ್ಕರು. ರೇಷ್ಮೆ ಸೀರೆಯ ಶೋಭಾರಾಣಿ ಆ ಪ್ರಶ್ನೆಗೇ ಕಾದಿದ್ದವರಂತೆ ಮೈಕ್ ಕೈಗೆತ್ತಿಕೊಂಡರು. "ಅದನ್ನ ನಮ್ಮ ಒಬ್ಬ ಸ್ಟೂಡೆಂಟೇ ಹೇಳ್ತಾಳೆ. ತಪ್ಪು ಒಪ್ಕೊಳ್ಳೋದೂ ನಮ್ ಸ್ಕೂಲಲ್ಲಿ ಒಂದು ಲರ್ನಿಂಗು." ಮೈಕನ್ನು ಮಹಾದೇವಿಯ ಕೈಗೆ ಕೊಟ್ಟು ಮೆಲ್ಲಗೆ ಅಂದರು, "ಶುರು ಮಾಡ್ಸಿ."

ಭಾಗ್ಯಶ್ರೀ ತನ್ನಷ್ಟಕ್ಕೆ ತಾನೇ ಮುಂದೆ ಬಂದು ನಿಂತಳು. ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹಾಕಿದ್ದರು. ಗೇಟಿನ ಹೊರಗೆ ಬಸಕ್ಕ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು. ಮಗು ಕೈ ಜೋಡಿಸಿತು, ಕಣ್ಣು ಮುಚ್ಚಿತು, ಮೊದಲ ಸಾಲಿಗೆ ಕಾಯಿತು.

"ಮಿಸ್, ಹೇಳ್ಸಿ ಅಂದ್ನಲ್ಲ," ಶೋಭಾರಾಣಿಯ ನಗು ಮುಖದ ಮೇಲೆ ಹಾಗೇ ಇತ್ತು.

ಮಹಾದೇವಿ ಬಗ್ಗಿ, ಜೋಡಿಸಿದ ಆ ಎರಡು ಪುಟ್ಟ ಕೈಗಳನ್ನು ಮೆಲ್ಲಗೆ ಬಿಡಿಸಿ ಕೆಳಗಿಳಿಸಿದಳು. ನೆಟ್ಟಗೆ ನಿಂತಳು. ಮೈಕು ಇನ್ನೂ ಅವಳ ಬಾಯಿಯ ಹತ್ತಿರವೇ ಇತ್ತು.

"ಇಲ್ರಿ ಮೇಡಂ. ನಾ ಹೇಳಸಂಗಿಲ್ಲ."