ಆಹಾರದ ಕಾರ್ಡು, ಬಿಸಿ ಸೂಪು

ಮಗು ಮತ್ತೆ ಅಳತೊಡಗಿತು. ಕಿಟಕಿಯ ಪಕ್ಕದ ಮೇಜಿನ ಮೇಲೆ ಬಗ್ಗಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಕೈಗಡಿಯಾರವೊಂದರ ಹೊಟ್ಟೆ ಬಿಚ್ಚಿ ಕೂತಿದ್ದ ಅಜ್ಜನ ಚಿಮಟ ತಪ್ಪಿತು. ಸಾಸಿವೆಗಿಂತ ಚಿಕ್ಕ ತಿರುಪೊಂದು ಜಾರಿ ನೆಲಕ್ಕೆ ಬಿತ್ತು. ಅಜ್ಜ ಅದನ್ನು ಹುಡುಕಲಿಲ್ಲ. ಒಳಕೋಣೆಯ ಕಡೆ ಕಿವಿಗೊಟ್ಟು ಕೂತರು. ಮಗಳು ಕೂಸನ್ನು ಎದೆಗೆ ಹಾಕಿಕೊಂಡಿರಬೇಕು. ಅಳು ಒಂದು ಗಳಿಗೆ ನಿಂತಿತು. ಮತ್ತೆ ಶುರುವಾಯಿತು.

"ಹಾಲು ಸಾಲ್ತಿಲ್ಲ ಅಪ್ಪ," ಎಂದಳು ಮಗಳು ಒಳಗಿನಿಂದ. ಅದು ದೂರುವ ದನಿಯಲ್ಲ, ಸೋತ ದನಿ.

ಬೀದಿಯವರೆಲ್ಲ ಇವರನ್ನು ಗಡಿಯಾರದಜ್ಜ ಎಂದೇ ಕರೆಯುತ್ತಿದ್ದರು. ಅಜ್ಜಿ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದವರು ಅಜ್ಜ, ಬಾಣಂತಿ ಮಗಳು ಮತ್ತು ಕೂಸು. ಅಳಿಯ ಕೆಲಸ ಹುಡುಕಿಕೊಂಡು ದೂರ ಹೋಗಿದ್ದ. ಅಜ್ಜಿ ಇದ್ದಷ್ಟು ಕಾಲ ಅಂಗಡಿಯ ಮೆಟ್ಟಿಲು ಹತ್ತಿ ಗೊತ್ತಿಲ್ಲದ ಅಜ್ಜ, ಈಗ ಒಲೆ ಹಚ್ಚುವುದನ್ನೂ ಕಲಿತಿದ್ದರು. "ದೇವರೇ, ಇವರಿಬ್ಬರನ್ನು ನನ್ನ ಕೈಗೆ ಒಪ್ಪಿಸಿದ್ದೀಯ, ಕೈಯನ್ನೂ ನೀನೇ ನಡೆಸು," ಎಂದು ಬೇಡಿಕೊಂಡೇ ಪಾತ್ರೆಗೆ ನೀರು ಸುರಿಯುತ್ತಿದ್ದರು. ಬೆಳಗ್ಗೆ ಗಂಜಿ, ಸಂಜೆಯೂ ಗಂಜಿ. ಗಡಿಯಾರ ರಿಪೇರಿಯಿಂದ ಬರುತ್ತಿದ್ದುದು ಅಷ್ಟಕ್ಕೇ ಸರಿಹೋಗುತ್ತಿತ್ತು.

ಆರೋಗ್ಯ ಕೇಂದ್ರದ ನರ್ಸು ಕೂಸನ್ನು ತೂಗಿ ಮುಖ ಸಣ್ಣಗೆ ಮಾಡಿದ್ದಳು. "ತಾಯಿಗೆ ರಕ್ತ ಕಡಿಮೆ ಇದೆ. ಬರೀ ಗಂಜಿ ಸಾಲದು. ಬೇಳೆ, ಮೊಟ್ಟೆ, ಸೊಪ್ಪು, ಹಾಲು, ಹಣ್ಣು ಕೊಡಿ. ಮುಂದಿನ ಸಲವೂ ಮಗು ತೂಕ ಏರದಿದ್ರೆ ಇಬ್ಬರನ್ನೂ ದೊಡ್ಡಾಸ್ಪತ್ರೆಗೆ ಕಳಿಸ್ಬೇಕಾಗುತ್ತೆ," ಎಂದಿದ್ದಳು.

ಅಳು ಕೇಳಿ ಪಕ್ಕದ ಮನೆಯಾಕೆ ಬಂದಳು. ಶಾಲೆಯ ಅಡುಗೆಮನೆಯಲ್ಲಿ ಮಕ್ಕಳಿಗೆ ಬೇಯಿಸಿ ಬಡಿಸುವ ಹೆಂಗಸು. ಮಕ್ಕಳಿಟ್ಟ ಹೆಸರು ಸೌಟಕ್ಕ. ಅಜ್ಜಿಯ ಜೀವದ ಗೆಳತಿ. ಬಾಗಿಲು ತಟ್ಟುವ ಅಭ್ಯಾಸ ಆಕೆಗೆ ಎಂದೂ ಇರಲಿಲ್ಲ. ನೆಟ್ಟಗೆ ಒಲೆಯ ಬಳಿ ಹೋಗಿ ಮುಚ್ಚಳ ತೆಗೆದು ನೋಡಿದಳು.

"ಇದೇನಣ್ಣ ಇದು? ಗೋಡೆಗೆ ಕಾಗದ ಅಂಟಿಸೋಕಾ?"

"ಗಂಜಿ, ತಂಗಿ."

"ಅದು ಗಂಜಿ ಅಂತ ಅದಕ್ಕೇ ಗೊತ್ತಿಲ್ಲ. ಬಾಣಂತಿಗೆ ಇದನ್ನ ಕೊಡ್ತಿದ್ದೀರಾ? ತಿಂಗಳಿಗೊಮ್ಮೆ ಸರ್ಕಾರ ಊಟದ ದುಡ್ಡು ತುಂಬೋ ಆಹಾರದ ಕಾರ್ಡು ನಿಮ್ಮನೇಲಿ ಇತ್ತಲ್ಲ, ಏನಾಯ್ತು?"

ಅಜ್ಜ ಭೂತಗನ್ನಡಿ ಬಿಚ್ಚಿ ಪಂಚೆಯ ಚುಂಗಿನಿಂದ ಒರೆಸತೊಡಗಿದರು. ಅದೇನೂ ಮಾಸಿರಲಿಲ್ಲ.

"ಅದು ನಿಂತುಹೋಯ್ತು."

"ಯಾರು ನಿಲ್ಲಿಸಿದ್ರು?"

"ನಾನೇ ಕೆಡಿಸಿಬಿಟ್ಟೆ ತಂಗಿ."

ಆಮೇಲೆ ಒಂದೊಂದೇ ಮಾತು ಹೊರಬಂತು. ಮಗಳು ಹೆರಿಗೆ ಮುಗಿಸಿ ಮನೆಗೆ ಬಂದ ದಿನ ಅಜ್ಜ ಕಾರ್ಡು ಹಿಡಿದು ಮೂಲೆಯ ದೊಡ್ಡ ಅಂಗಡಿಗೆ ಹೋಗಿದ್ದರು. ಹಾಲು, ಮೊಟ್ಟೆ, ಬ್ರೆಡ್ಡು ಬುಟ್ಟಿಗೆ ಹಾಕಿದರು. ಗಾಜಿನ ಪೆಟ್ಟಿಗೆಯಲ್ಲಿ ಹಬೆಯಾಡುವ ಸೂಪು ಕಂಡಿತು. ಸೋತು ಮಲಗಿದ ಮಗಳ ನೆನಪಾಗಿ ಅದನ್ನೂ ಒಂದು ಬಟ್ಟಲು ತೆಗೆದುಕೊಂಡರು. ಹಣ ಕಟ್ಟುವ ಜಾಗದಲ್ಲಿ ಮಿಷನ್ನು ಕೀಂ ಎಂದು ಕೂಗಿತು. "ಇದು ಕಾರ್ಡಿಗೆ ಬರಲ್ಲ ಅಜ್ಜ," ಎಂದಳು ಅಲ್ಲಿದ್ದ ಹುಡುಗಿ. ಹಿಂದಿನ ಸಾಲಿನಲ್ಲಿ ಯಾರೋ, "ಬಿಟ್ಟಿ ಕಾರ್ಡಲ್ಲಿ ಸೂಪು ಬೇರೆ ಬೇಕಂತೆ," ಎಂದು ಗೊಣಗಿದರು. ಅಜ್ಜ ಎಲ್ಲವನ್ನೂ ಅಲ್ಲೇ ಬಿಟ್ಟು ಹೊರಗೆ ಬಂದರು. ಮತ್ತೆ ಆ ಕಡೆ ತಲೆ ಹಾಕಿರಲಿಲ್ಲ.

"ಸೂಪು ಬರಲ್ಲ ಅಂದ್ರೆ ಸೂಪು ಬಿಡ್ಬೇಕು. ಹಾಲು, ಮೊಟ್ಟೆಗೆ ಏನು ರೋಗ ಬಂದಿತ್ತು?" ಎಂದಳು ಸೌಟಕ್ಕ.

"ನಿನಗೆ ಗೊತ್ತಾಗಲ್ಲ ತಂಗಿ. ಗಡಿಯಾರದ ಒಂದು ಚಕ್ರದಲ್ಲಿ ಒಂದೇ ಒಂದು ಹಲ್ಲು ಮುರಿದ್ರೂ ಪೂರ್ತಿ ಗಡಿಯಾರ ನಿಲ್ಲುತ್ತೆ. ಇದೂ ಅಷ್ಟೇ. ತಪ್ಪು ಸಾಮಾನು ಇಟ್ಟೆ, ಮಿಷನ್ನು ಕೂಗ್ತು, ಕಾರ್ಡು ಕೆಟ್ಟಿತು. ಈಗ ಮತ್ತೆ ಹೋದ್ರೆ ಮೋಸಗಾರ ಅಂತ ಹಿಡಿದು ಕೂರಿಸ್ತಾರೆ."

ಸೌಟಕ್ಕನಿಗೆ ನಗು ಬಂತು. ಅಜ್ಜನ ಮುಖ ನೋಡಿ ನುಂಗಿಕೊಂಡಳು.

"ಅಣ್ಣ, ಅದು ಗಡಿಯಾರ ಅಲ್ಲ, ಜರಡಿ. ಹಿಟ್ಟು ಕೆಳಗೆ ಬೀಳುತ್ತೆ, ಕಲ್ಲು ಮೇಲೆ ಉಳಿಯುತ್ತೆ. ಒಂದು ಕಲ್ಲು ಸಿಕ್ತು ಅಂತ ಯಾರಾದ್ರೂ ಹಿಟ್ಟೆಲ್ಲ ಬೀದಿಗೆ ಚೆಲ್ತಾರಾ? ನನ್ನ ಹತ್ರಾನೂ ಕಾರ್ಡಿದೆ. ಆ ಮಿಷನ್ನು ನನ್ನ ನೋಡಿ ಎಷ್ಟು ಸಲ ಕೂಗಿದೆಯೋ!"

"ಸೂಪು ಊಟ ಅಲ್ವಾ ಹಾಗಾದ್ರೆ?"

"ಊಟಾನೇ. ಆದ್ರೆ ಅಂಗಡಿಯವರೇ ಬೇಯಿಸಿ ಬಿಸಿಬಿಸಿಯಾಗಿ ಕೊಡೋದು ನಮ್ಮ ಕಾರ್ಡಿಗೆ ಬರಲ್ಲ. ಮನೆಗೆ ತಂದು ಬೇಯಿಸ್ಕೊಳ್ಳೋದು ಬರುತ್ತೆ. ಹಾಲು, ಹಣ್ಣು, ಬ್ರೆಡ್ಡಿನ ಥರ ಹಾಗೇ ತಿನ್ನೋದೂ ಬರುತ್ತೆ."

"ಇದ್ಯಾವ ನ್ಯಾಯ? ಬಿಸಿಯಾಗಿದ್ರೆ ಹೊಟ್ಟೆಗೆ ಇಳಿಯಲ್ವಾ?"

"ನಿಯಮ ಮಾಡಿದವಳು ನಾನಲ್ಲಪ್ಪ! ಸೂಪು ಬೇಕಿದ್ರೆ ತರಕಾರಿ ತನ್ನಿ, ನಾನೇ ಕಾಸಿಕೊಡ್ತೀನಿ. ಏಳಿ, ಚಪ್ಪಲಿ ಮೆಟ್ಟಿ."

ಅಜ್ಜ ಏಳಲಿಲ್ಲ. ಒಳಕೋಣೆಯ ಬಾಗಿಲಲ್ಲಿ ಮಗಳು ಕೂಸನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು.

"ಅವತ್ತು ನನಗೋಸ್ಕರ ಸೂಪು ತಗೊಂಡ್ಯಾ ಅಪ್ಪ?" ಎಂದಳು. "ಇನ್ನೊಂದು ಸಲ ಹೋಗಿ ಬಾ. ಬೈದ್ರೆ ಬೈತಾರೆ. ಇವನ ಅಳು ಕೇಳೋದಕ್ಕಿಂತ ಅದೇ ವಾಸಿ."

ಅಜ್ಜ ಎದ್ದರು.

ಅಂಗಡಿಯಲ್ಲಿ ಸೌಟಕ್ಕ ಬುಟ್ಟಿಯನ್ನು ಅವರ ಕೈಗೇ ಕೊಟ್ಟಳು. "ನೀವೇ ಆರಿಸಿ. ಅನುಮಾನ ಬಂದ್ರೆ ಕೇಳಿ." ಅಜ್ಜ ಅಕ್ಕಿ, ಬೇಳೆಯನ್ನು ಹೆದರದೆ ತೆಗೆದುಕೊಂಡರು. ಮೊಟ್ಟೆಯನ್ನು ಗಡಿಯಾರದ ಹಾಗೆ ಎರಡು ಬೆರಳಲ್ಲಿ ಹಿಡಿದು ನೋಡಿದರು. ಆಮೇಲೆ ಪ್ರತಿ ಹೆಜ್ಜೆಗೂ ಒಂದು ಪ್ರಶ್ನೆ.

"ಎಣ್ಣೆ?"

"ಬರುತ್ತೆ. ಉಪ್ಪು, ಸಕ್ಕರೆ, ಮೆಣಸು, ಜೀರಿಗೆ ಎಲ್ಲಾ ಬರುತ್ತೆ. ಮೀನು, ಮಾಂಸ ತಿನ್ನೋರಿಗೆ ಅದೂ ಬರುತ್ತೆ, ಬೇಯಿಸದೆ ಹಸಿಯಾಗಿದ್ರೆ."

"ಹಣ್ಣು? ಅದು ಉಳ್ಳವರ ಶೋಕಿ ಅಂತಾರಲ್ಲ."

"ಬಾಣಂತಿ ಹಣ್ಣು ತಿಂದ್ರೆ ಶೋಕಿನಾ? ಹಾಕಿ ಬುಟ್ಟಿಗೆ."

"ಮಂಜು ಕಟ್ಟಿದ ಈ ಬಟಾಣಿ?"

"ಬರುತ್ತೆ. ತಣ್ಣಗಿದ್ರೆ ತೊಂದರೆ ಇಲ್ಲ ಅಣ್ಣ, ಬಿಸಿಯಾಗಿದ್ರೇ ತಕರಾರು."

ಔಷಧಿಯ ಕಪಾಟಿನ ಮುಂದೆ ಅಜ್ಜ ರಕ್ತ ಹೆಚ್ಚಿಸುವ ಟಾನಿಕ್ಕಿನ ಬಾಟಲಿಗೆ ಕೈ ಹಾಕಿದರು. ಸೌಟಕ್ಕ ತಲೆ ಅಲ್ಲಾಡಿಸಿದಳು. "ಅದು ಔಷಧಿ, ಬರಲ್ಲ. ನರ್ಸಮ್ಮನ್ನ ಕೇಳಿ, ಬೇಕಾದ್ದನ್ನ ಅವರೇ ಕೊಡ್ತಾರೆ. ವಿಟಮಿನ್ ಮಾತ್ರೇನೂ ಅಷ್ಟೇ."

"ಕೂಸಿನ ಚಡ್ಡಿ?"

"ತಿನ್ನೋ ವಸ್ತುನಾ ಅದು? ಸೋಪು, ಬಟ್ಟೆ ಪುಡಿ, ಬೀಡಿ, ಸಿಗರೇಟು, ಹೆಂಡ, ನಾಯಿ ಬೆಕ್ಕಿನ ತಿಂಡಿ, ಯಾವುದೂ ಬರಲ್ಲ."

ಕಿಟಕಿಯ ಕೆಳಗಿನ ಮೊಳೆಯಲ್ಲಿ ಬೀಜದ ಪೊಟ್ಟಣಗಳು ತೂಗಾಡುತ್ತಿದ್ದವು. ಅಜ್ಜ ಸೊಪ್ಪಿನ ಬೀಜದ ಪೊಟ್ಟಣ ಮುಟ್ಟಿ ಕೈ ಹಿಂದೆ ತೆಗೆದುಕೊಂಡರು. "ಇದನ್ನ ತಿನ್ನೋಕಾಗಲ್ಲ. ಬರಲ್ಲ."

"ಅಲ್ಲೇ ಸೋತಿರಿ! ತಿನ್ನೋದನ್ನ ಬೆಳೆಯೋ ಬೀಜ, ಸಸಿ ಎರಡೂ ಬರುತ್ತೆ. ಅಂದಕ್ಕೆ ಬೆಳೆಸೋ ಹೂವಿನ ಗಿಡ ಬರಲ್ಲ."

ಅಜ್ಜನ ಮುಖದಲ್ಲಿ ಆ ದಿನ ಮೊದಲ ಸಲ ನಗು ಮೂಡಿತು. ಪೊಟ್ಟಣ ಬುಟ್ಟಿಗೆ ಬಿತ್ತು. ಅಷ್ಟರಲ್ಲಿ ಸೌಟಕ್ಕ ಒಂದು ಸೋಪನ್ನೂ ಅದರ ಮೇಲೆ ಹಾಕಿದಳು.

"ಏ ತಂಗಿ! ಅದು ಬರಲ್ಲ ಅಂತ ನೀನೇ ಈಗ ಹೇಳಿದೆ."

"ಅದಕ್ಕೇ ಹಾಕಿದ್ದು. ದುಡ್ಡು ನಾನು ಕೊಡ್ತೀನಿ. ಮಿಷನ್ನು ಕೂಗೋದನ್ನ ಇವತ್ತು ನೀವು ನಿಂತು ಕೇಳ್ಬೇಕು. ಓಡಬಾರದು."

ಹಣ ಕಟ್ಟುವ ಜಾಗದಲ್ಲಿ ಅದೇ ಹುಡುಗಿ ಇದ್ದಳು. ಹಿಂದೆ ಸಾಲು ಇತ್ತು. ಅಕ್ಕಿ ಹೋಯಿತು, ಬೇಳೆ ಹೋಯಿತು, ಮೊಟ್ಟೆ, ಹಾಲು, ಸೊಪ್ಪು ಹೋದವು. ಅಜ್ಜನ ತುಟಿ ದೇವರ ಹೆಸರು ಹೇಳುತ್ತಿತ್ತು. ಕೊನೆಗೆ ಸೋಪು. ಕಾರ್ಡು ಒತ್ತಿದ ಮೇಲೆ ಮಿಷನ್ನು ಕೀಂ ಎಂದಿತು.

ಅಜ್ಜನ ಕಾಲು ಬಾಗಿಲ ಕಡೆ ತಿರುಗಿತು. ಸೌಟಕ್ಕ ಅವರ ತೋಳು ಹಿಡಿದಳು.

"ಸೋಪಿಗೆ ಬೇರೆ ಕೊಡಿ ಅಜ್ಜ, ಮಿಕ್ಕಿದ್ದೆಲ್ಲ ಕಾರ್ಡಿಗೆ ಹೋಯ್ತು," ಎಂದಳು ಹುಡುಗಿ, ಮಳೆ ಬಂತು ಎನ್ನುವಷ್ಟು ಸಲೀಸಾಗಿ. ಆಮೇಲೆ ಮುಖ ನೋಡಿ, "ಅವತ್ತು ಎಲ್ಲಾ ಬಿಟ್ಟು ಹೋದವರು ನೀವೇ ಅಲ್ವಾ? ಬಾಗಿಲವರೆಗೂ ಬಂದು ಕೂಗಿದೆ, ನೀವು ತಿರುಗಲೇ ಇಲ್ಲ. ಸೂಪೊಂದೇ ತೆಗೆದಿಟ್ಟು ಮಿಕ್ಕಿದ್ದು ಕೊಡೋಣ ಅಂತಿದ್ದೆ," ಎಂದಳು.

ಅಷ್ಟು ದಿನದ ಗಂಜಿ ಅಜ್ಜನ ಕಣ್ಣ ಮುಂದೆ ಬಂತು.

"ಹಿಂದಿನ ತಿಂಗಳ ದುಡ್ಡೂ ಕಾರ್ಡಲ್ಲೇ ಇದೆ," ಎಂದಳು ಹುಡುಗಿ. "ಬಹಳ ದಿನ ಮುಟ್ಟದೆ ಬಿಟ್ರೆ ಮಾತ್ರ ವಾಪಸ್ಸು ಹೋಗಿಬಿಡುತ್ತೆ. ಬರ್ತಾ ಇರಿ ಅಜ್ಜ."

ಸಂಜೆಗೆ ಮುಂಚೆಯೇ ಒಲೆಯ ಮೇಲೆ ಬೇಳೆ, ಸೊಪ್ಪು ಕುದಿಯತೊಡಗಿದವು. ಸೌಟಕ್ಕ ಮೊಟ್ಟೆ ಬೇಯಿಸಿದಳು. ಅಜ್ಜ ಸುಲಿದರು, ಚೂರೂ ಬಿರುಕಿಲ್ಲದೆ ಸುಲಿದರು, ಅದು ಅವರ ಕೈಕೆಲಸ. ಮಗಳು ತಟ್ಟೆ ಮುಂದಿಟ್ಟುಕೊಂಡು ಕೂತಳು. ತುತ್ತು ಕಲಸಿದಳು. ಬಾಯಿಗಿಡಲಿಲ್ಲ.

"ನಿನ್ನ ತಟ್ಟೆ ಎಲ್ಲಿ ಅಪ್ಪ?"

"ನನಗೆ ಗಂಜಿ ಇದೆ. ಇದು ನಿಮ್ಮಿಬ್ಬರಿಗೋಸ್ಕರ ಕೊಟ್ಟಿರೋದು."

"ಯಾರು ಹೇಳಿದ್ದು?" ಸೌಟಕ್ಕ ಒಲೆಯ ಬಳಿಯಿಂದಲೇ ಗದರಿದಳು. "ಮನೇಲಿರೋ ತಲೆ ಎಣಿಸಿ ಕೊಟ್ಟಿರೋದು ಅಣ್ಣ. ನೀವೂ ಒಂದು ತಲೆ. ಅವಳು ಹೋದಳು ಅಂತ ನಿಮ್ಮ ಹೊಟ್ಟೇನೂ ಜೊತೆಗೆ ಹೋಯ್ತಾ?"

ಅಜ್ಜಿಯ ಮಾತು ಆ ಮನೆಯಲ್ಲಿ ಅಷ್ಟು ದಿನ ಯಾರೂ ಎತ್ತಿರಲಿಲ್ಲ. ಅಜ್ಜ ಎದ್ದು ತಟ್ಟೆ ತಂದು ಮಗಳ ಎದುರಿಗೆ ಕೂತರು. ಸೌಟಕ್ಕ ಬಡಿಸಿದಳು. "ಕೊಟ್ಟವನೇ, ಬೇಡ ಅಂದಿದ್ದು ನಾನೇ, ಕ್ಷಮಿಸು," ಎಂದು ಕಣ್ಣು ಮುಚ್ಚಿ ಹೇಳಿ ಮೊದಲ ತುತ್ತು ಬಾಯಿಗಿಟ್ಟರು. ಅದನ್ನು ನೋಡಿದ ಮೇಲೆಯೇ ಮಗಳೂ ಉಂಡಳು.

ಮುಂದಿನ ಸಲ ನರ್ಸು ಕೂಸನ್ನು ತೂಗಿದಾಗ ಮುಳ್ಳು ಮೇಲಕ್ಕೆ ಸರಿದಿತ್ತು. "ದೊಡ್ಡಾಸ್ಪತ್ರೆ ಮಾತು ಇನ್ನು ಬೇಡ," ಎಂದಳು ಆಕೆ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಮನೆಯಲ್ಲೂ ಆಹಾರದ ಕಾರ್ಡು ಇದ್ದರೆ ಅದನ್ನು ಹೊರಗೆ ತೆಗೆಯಿರಿ. ಯಾವುದು ಬರುತ್ತದೆ, ಯಾವುದು ಬರುವುದಿಲ್ಲ ಎಂಬುದು ಒಂದೊಂದು ಕಡೆ ಒಂದೊಂದು ರೀತಿ ಇರಬಹುದು. ಕಾರ್ಡು ಕೊಟ್ಟ ಕಚೇರಿಯಲ್ಲೋ ಅಂಗಡಿಯಲ್ಲೋ ಬಾಯಿಬಿಟ್ಟು ಕೇಳಿ. ಒಂದು ಸಾಮಾನು ಬರಲಿಲ್ಲವೆಂದರೆ ಅದೊಂದನ್ನು ಪಕ್ಕಕ್ಕಿಟ್ಟು ಉಳಿದದ್ದನ್ನು ಮನೆಗೆ ತನ್ನಿ. ಹಿಂದೆ ನಿಂತವರು ಗೊಣಗಿದರೆ ಗೊಣಗಲಿ, ನಿಮ್ಮ ಮನೆಯ ಒಲೆ ಅವರು ಹಚ್ಚುವುದಿಲ್ಲ. ಅದು ಯಾರ ಭಿಕ್ಷೆಯೂ ಅಲ್ಲ, ನಿಮ್ಮ ಮನೆಮಂದಿಯ ಊಟ. ತನ್ನಿ, ಬೇಯಿಸಿ, ಎಲ್ಲರಿಗೂ ಬಡಿಸಿ. ನಿಮಗೂ ಒಂದು ತಟ್ಟೆ ಹಾಕಿಕೊಳ್ಳಿ.