ತುಟಿಯ ನಡುಕ

ಸ್ವರ ಕಟ್ಟುವವರ ಕಿವಿ ಬಲು ಚುರುಕು. ಇಲಿ ಕೆಮ್ಮಿದರೂ ಬರೆದುಕೊಳ್ಳುತ್ತಾರೆ. ಎದುರಿಗೆ ಕೂತ ಹೆಂಡತಿಯ ಮುಖ ನೋಡುವುದಕ್ಕೆ ಮಾತ್ರ ಪುರುಸೊತ್ತಿಲ್ಲ. ಜರ್ಮನಿಯ ಕೊಲೋನ್ ಊರಿನ ಗೆರೋಲ್ಫ್ ಅಂಥವನೇ. ಅವನ ಹೆಂಡತಿ ಆಲ್ಮುತ್ ಕ್ಲಾರಿನೆಟ್ ವಾದಕಿ. ಒಂದೇ ಕ್ಲಾರಿನೆಟ್ಟಿನಿಂದ ಒಟ್ಟಿಗೆ ಎರಡು ಸ್ವರ ಹೊರಡಿಸುವುದು, ಬರೀ ಉಸಿರನ್ನು ನುಡಿಸುವುದು, ಕೀಲಿಗಳ ಟಕಟಕದಲ್ಲೇ ತಾಳ ಹಾಕುವುದು, ಇಂಥವುಗಳಲ್ಲಿ ಅವಳದು ಎತ್ತಿದ ಕೈ. ಅವಳು ಏನು ಊದಿದರೂ ಅವನು ಧ್ವನಿಮುದ್ರಿಸಿಕೊಂಡು, ಬೆರಳಿಡುವ ಚಿತ್ರದ ಸಮೇತ ಹಾಳೆಗೆ ಇಳಿಸುತ್ತಿದ್ದ. ಅವರ ಸಂಸಾರ ನಡೆದದ್ದೇ ಹಾಗೆ.

ಹೋದ ಚಳಿಗಾಲದಲ್ಲಿ ಆಲ್ಮುತ್‌ಳ ಕೆಳತುಟಿ ಅವಳ ಮಾತು ಕೇಳುವುದನ್ನು ಬಿಟ್ಟಿತು. ಸೂಪು ಕುಡಿಯುವಾಗ, ಹರಟುವಾಗ ಏನೂ ಇಲ್ಲ. ಕ್ಲಾರಿನೆಟ್ ಬಾಯಿಗಿಟ್ಟರೆ ನಡುಕ. ಊದುವವರಿಗೆ ಬರುವ ಕಾಯಿಲೆ, ವಾಸಿಯಾಗುವುದು ಅಪರೂಪ ಎಂದರು ಡಾಕ್ಟರು. ಗಂಡನಿಗೆ ಹೇಳಿ ಅತ್ತುಬಿಡೋಣವೆಂದು ಮನೆಗೆ ಬಂದರೆ, ಅವನು ಮೊದಲು ಆ ಎರಡು ಸ್ವರ ನುಡಿಸು ಎಂದ. ನುಡಿಸಿದಳು. ಸ್ವರಗಳ ನಡುವೆ ನಡುಕ ಹೊಕ್ಕಿತು.

"ಇದನ್ನ ಎಲ್ಲಿ ಹುಡುಕಿದ್ಯೇ? ಎಷ್ಟು ಚೆಂದ ಇದೆ," ಎಂದ ಗೆರೋಲ್ಫ್.

ನಾಲಗೆಯ ತುದಿಗೆ ಬಂದದ್ದನ್ನು ಅವಳು ನುಂಗಿಕೊಂಡಳು. ಅವನು ಆ ಚೆಂದದ ಮೇಲೆಯೇ ಹೊಸ ಕೃತಿ ಕಟ್ಟಿದ. ಪುಟಪುಟದಲ್ಲೂ ನಡುಕಕ್ಕೊಂದು ಅಲೆಯ ಗೆರೆ. ಕೊನೆಯಲ್ಲಿ ಮಾತ್ರ ನಡುಕವಿಲ್ಲದ, ನೆಟ್ಟಗಿನ ಒಂದೇ ಒಂದು ಸ್ವರ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಆ ಒಂದು ಸ್ವರ ಅವಳಿಗೆ ಒಮ್ಮೆಯೂ ಬಂದಿರಲಿಲ್ಲ. ಶನಿವಾರ ಆ ಕೃತಿಯ ಮೊದಲ ಕಛೇರಿ. ದಣಿದಿದ್ದೇನೆ, ಬಾಯಿಗಿಡುವ ರೀಡು ಸರಿಯಿಲ್ಲ ಎಂದು ದಿನ ದೂಡುತ್ತಿದ್ದಳು. ಕ್ಲಾರಿನೆಟ್ ಬಿಟ್ಟ ಮೇಲೆ ಈ ಮನುಷ್ಯನಿಗೆ ತಾನು ಯಾರು? ಆ ಭಯಕ್ಕೇ ಬಾಯಿ ಬಿಟ್ಟಿರಲಿಲ್ಲ.

ಗುರುವಾರ ಬೆಳಿಗ್ಗೆ ಹ್ಯಾಂಬರ್ಗಿನಿಂದ ವೀಬ್ಕೆ ಎಂಬ ಎಳೆಯ ಕ್ಲಾರಿನೆಟ್ ವಾದಕಿ ಬಂದಳು. ಮುಂದಿನ ತಿಂಗಳು ಅವಳ ಊರಿನಲ್ಲಿ ಇದೇ ಕೃತಿಯನ್ನು ಅವಳು ನುಡಿಸಬೇಕಿತ್ತು.

"ಮೇಡಂ, ಬೆರಳೆಲ್ಲ ಚಿತ್ರದಲ್ಲಿರೋ ಹಾಗೇ ಇಡ್ತೀನಿ. ಈ ನಡುಕ ಮಾತ್ರ ಸುತರಾಂ ಬರಲ್ಲ. ತುಟಿ ಹೇಗೆ ಇಟ್ಕೋತೀರಿ?"

ಆಲ್ಮುತ್‌ಳನ್ನು ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ಕೇಳಬೇಕಾದವನು ಅಡುಗೆಮನೆಯಲ್ಲಿ ಆಲೂಗಡ್ಡೆ ಹೆಚ್ಚುತ್ತಿದ್ದ.

"ಟ್ರಾಮಿಗೆ ಕಾಯ್ತಾ ಚಳೀಲಿ ಹಲ್ಲು ಕಟಕಟ ಅನ್ನುತ್ತಲ್ಲ, ಹಾಗೆ ದವಡೆ ಸಡಿಲ ಬಿಡು," ಎಂದಳು ಆಲ್ಮುತ್.

ತನ್ನ ಕಾಯಿಲೆಯನ್ನು ಹೀಗೆ ಇಷ್ಟಿಷ್ಟೇ ಬಿಡಿಸಿ ಪಾಠ ಹೇಳಿದಳು. ವೀಬ್ಕೆ ಜಾಣೆ. ಮಧ್ಯಾಹ್ನದೊಳಗೆ ನಡುಕ ಅವಳಿಗೆ ಒಲಿಯಿತು. ಅದೇ ಅಲೆ, ಅದೇ ತೊದಲು. ಕೇಳುತ್ತ ಆಲ್ಮುತ್‌ಗೆ ತನ್ನ ತುಟಿಯೇ ಬೇರೆಯವರ ಮುಖದ ಮೇಲೆ ಇದ್ದ ಹಾಗೆ ಅನ್ನಿಸಿತು. ಹುಡುಗಿ ಕೊನೆಯ ಸಾಲಿಗೆ ಬಂದಳು, ಉಸಿರೆಳೆದಳು, ನಡುಕ ನಿಲ್ಲಿಸಿದಳು. ಸ್ವರ ನೆಟ್ಟಗೆ ನಿಂತಿತು. ಬೇಕೆಂದಾಗ ಶುರು, ಬೇಡವೆಂದಾಗ ನಿಲ್ಲುವುದು. ಇಷ್ಟು ಸುಲಭದ ಸಂಗತಿಗಾಗಿ ಆಲ್ಮುತ್ ಹತ್ತು ತಿಂಗಳಿಂದ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದಳು.

ಗೆರೋಲ್ಫ್ ಗೋಡೆಯಾಚೆಯಿಂದಲೇ ಮಾತಾಡುತ್ತ ಬಂದ. "ಬಂತು ನೋಡು ಆಲ್ಮುತ್, ಕೊನೇ ಸ್ವರ. ಇಷ್ಟು ದಿನ ಸುಮ್ಮನೆ ಸತಾಯಿಸಿದೆ."

ಬಾಗಿಲಲ್ಲಿ ನಿಂತ. ಕ್ಲಾರಿನೆಟ್ ವೀಬ್ಕೆಯ ಕೈಯಲ್ಲಿತ್ತು. ಹೆಂಡತಿ ಬರಿಗೈಯಲ್ಲಿ ಕೂತಿದ್ದಳು.

"ನುಡಿಸಿದ್ದು ಅವಳು. ಶನಿವಾರಾನೂ ಅವಳೇ ನುಡಿಸ್ಲಿ," ಎಂದಳು ಆಲ್ಮುತ್. "ನನಗೆ ಅದನ್ನ ನಿಲ್ಲಿಸೋಕೆ ಬರಲ್ಲ ಗೆರೋಲ್ಫ್. ನಾನು ನಡುಗಿಸ್ತಾ ಇರ್ಲಿಲ್ಲ, ಅದಾಗೇ ನಡುಗ್ತಿತ್ತು."

ಅವನು ಹಾಳೆಯ ಮೇಲಿನ ಅಲೆಯ ಗೆರೆಗಳನ್ನು ನೋಡಿದ. ಆಮೇಲೆ, ಎಷ್ಟೋ ಕಾಲದ ನಂತರ, ಅವಳ ಬಾಯಿಯನ್ನು ನೋಡಿದ.

"ಯಾವತ್ತಿಂದ?"

"ನೀನು ಚೆಂದ ಅಂದ್ಯಲ್ಲ, ಅವತ್ತು ಹೇಳೋಣ ಅಂತಲೇ ಬಂದಿದ್ದೆ."