ಎಂಬತ್ತಮೂರು ಸಾಲಿನ ಕ್ಷಮಾಪಣೆ

ನಮ್ಮ ಬಸ್ ಸಂಸ್ಥೆಯಲ್ಲಿ ಕ್ಷಮೆ ಕೇಳುವುದಕ್ಕೆಂದೇ ಒಂದು ವಿಭಾಗವಿದೆ. ಮೂರನೇ ಮಹಡಿಯಲ್ಲಿ, ಟಿಕೆಟ್ ರೋಲುಗಳ ಗೋದಾಮಿನ ಪಕ್ಕದ ಕೋಣೆ. ಅಲ್ಲಿ ಇರುವುದು ಇಬ್ಬರೇ, ಸಾಹೇಬರು ಮತ್ತು ನಾನು. ಸಾಹೇಬರು ಸಹಿ ಹಾಕುತ್ತಾರೆ, ಉಳಿದದ್ದೆಲ್ಲ ನನ್ನ ತಲೆಗೆ. ಜನ ಜಾಲತಾಣದಲ್ಲಿ ದೂರು ಬರೆಯುತ್ತಾರೆ, ನಾವು ಕಾಗದದ ಮೇಲೆ ವಿಷಾದಿಸುತ್ತೇವೆ. ಪತ್ರಗಳನ್ನು ನಮ್ಮದೇ ಬಸ್ಸುಗಳಿಗೆ ಹಾಕುತ್ತೇವೆ, ಹೋಗುವ ದಾರಿಯಲ್ಲಿ ಕಂಡಕ್ಟರು ಹಂಚುತ್ತಾನೆ. ಬಸ್ಸು ಕೆಡದಿದ್ದರೆ ಬೆಳಗ್ಗೆ ಬರೆದ ವಿಷಾದ ಮಧ್ಯಾಹ್ನದೊಳಗೆ ಮನೆ ಸೇರುತ್ತದೆ. ಬಸ್ಸು ರಿಪೇರಿ ಮಾಡುವ ವಿಭಾಗ ಬೇರೆ ಇದೆ, ಅವರಿಗೂ ನಮಗೂ ಮಾತುಕತೆ ಇಲ್ಲ.

ನಾನು ಸೇರಿದ ಹೊಸದರಲ್ಲಿ ಪತ್ರಗಳನ್ನು ಒಂದೊಂದಾಗಿ ಟೈಪ್ ಮಾಡಬೇಕಿತ್ತು. ಅದೇ ಸಾಲು, ಅದೇ ವಿಷಾದ, ಹೆಸರು ಮಾತ್ರ ಬೇರೆ. ಮೂರೇ ತಿಂಗಳಲ್ಲಿ ತಲೆ ಚಿಟ್ಟು ಹಿಡಿಯಿತು. ಆಫೀಸಿನ ಹಳೆಯ ಕಂಪ್ಯೂಟರು ದೊಡ್ಡ ಸಾಫ್ಟ್‌ವೇರ್ ಯಾವುದನ್ನೂ ಹೊರುವಂತಿರಲಿಲ್ಲ. ಸ್ಕ್ರಿಪ್ಟ್, ಅಂದರೆ ಕಂಪ್ಯೂಟರಿಗೆ ಕೊಡುವ ಆಜ್ಞೆಗಳ ಪಟ್ಟಿ, ಬರೆಯುವ ಪುಟ್ಟ ಭಾಷೆಯೊಂದು ಮಾತ್ರ ಅದರಲ್ಲಿ ಓಡುತ್ತಿತ್ತು. ಆ ಭಾಷೆಯ ಹೊಟ್ಟೆಯೊಳಗೇ ಕೂರುವಂತೆ ಒಂದು ಟೆಂಪ್ಲೇಟ್ ಎಂಜಿನ್ ಬರೆದೆ. ಹೆಸರು ಕೇಳಿ ಹೆದರಬೇಡಿ. ಖಾಲಿ ಜಾಗ ಬಿಟ್ಟ ಪತ್ರವೊಂದನ್ನು ಕೊಟ್ಟರೆ ಅದು ಹೆಸರು, ತಾರೀಖು, ದೂರು ತುಂಬಿ ಹೊರಗೆ ಹಾಕುತ್ತದೆ, ಅಷ್ಟೇ. ಜೊತೆಗೆ ಚೂರು ಬುದ್ಧಿಯನ್ನೂ ಕೊಟ್ಟಿದ್ದೆ: ‘ಹೀಗಿದ್ದರೆ’ ಈ ಸಾಲು ಹಾಕು, ‘ಇಲ್ಲದಿದ್ದರೆ’ ಆ ಸಾಲು ಹಾಕು. ಒಟ್ಟು ಎಂಬತ್ತಮೂರು ಸಾಲು. ಹೆತ್ತ ಮಕ್ಕಳ ಬಗ್ಗೆಯೂ ಯಾರೂ ಅಷ್ಟು ಜಂಬ ಪಟ್ಟಿರಲಿಕ್ಕಿಲ್ಲ.

ಸಾಹೇಬರು ಮೊದಲು ಮೂಗು ಮುರಿದರು. “ಕ್ಷಮಾಪಣೆ ಮನಸ್ಸಿಟ್ಟು ಬರೀಬೇಕಮ್ಮಾ,” ಅಂದರು. ಒಂದೇ ಬೆಳಗ್ಗೆ ನಾನೂರು ಪತ್ರ ಹೊರಬಿದ್ದ ಮೇಲೆ ಮನಸ್ಸಿನ ಸುದ್ದಿ ಎತ್ತಲಿಲ್ಲ. ಬದಲಿಗೆ ನಿಯಮ ಮಾಡಿದರು: ಎಂಜಿನ್ನಿನಿಂದ ಬರದ ಒಂದೇ ಒಂದು ಕ್ಷಮಾಪಣೆಯೂ ಈ ವಿಭಾಗದಿಂದ ಹೊರಗೆ ಹೋಗಕೂಡದು. ದೂರು ನಿಜವೋ ಸುಳ್ಳೋ ಅಂತ ನೋಡುವುದೂ ಬೇಡ, ಮೊದಲು ವಿಷಾದ. ಒಬ್ಬರು, ‘ಬಸ್ಸು ಸರಿಯಾದ ಸಮಯಕ್ಕೆ ಬಂದುಬಿಟ್ಟಿತು, ನನಗೆ ತಪ್ಪಿಹೋಯಿತು’ ಅಂತ ಬರೆದಿದ್ದರು. ಅದಕ್ಕೂ ತೀವ್ರ ವಿಷಾದ ಹೋಯಿತು, ಇಂಥದು ಮರುಕಳಿಸದಂತೆ ನೋಡಿಕೊಳ್ಳುತ್ತೇವೆ ಎಂಬ ಭರವಸೆಯೂ ಹೋಯಿತು. ಆ ಮಾತನ್ನು ಸಂಸ್ಥೆ ಇಂದಿಗೂ ಉಳಿಸಿಕೊಂಡು ಬಂದಿದೆ.

ಇನ್ನು ನನ್ನ ಅಕ್ಕನ ವಿಷಯ. ಅವಳು ಮೂರು ವರ್ಷದಿಂದ ನನ್ನ ಜೊತೆ ಮಾತು ಬಿಟ್ಟಿದ್ದಳು. ಫೋನ್ ಎತ್ತುತ್ತಿರಲಿಲ್ಲ. ಮನೆಗೆ ಹೋದರೆ ಬಾಗಿಲು ತೆರೆಯುತ್ತಿರಲಿಲ್ಲ, ಕಿಟಕಿಯ ಪರದೆ ಮಾತ್ರ ಅಲುಗುತ್ತಿತ್ತು. ಕಾಗದ ಬರೆದರೆ ಒಡೆಯದೆ ವಾಪಸ್. ಮೊಂಡುತನದಲ್ಲಿ ಅವಳನ್ನು ಮೀರಿಸುವವಳು ನಾನೊಬ್ಬಳೇ, ಆದರೂ ಈ ವಿಷಯದಲ್ಲಿ ಸೋತುಹೋಗಿದ್ದೆ. ಅಮ್ಮ ಹೋದ ಮೇಲೆ ನನ್ನವರು ಅಂತ ಉಳಿದಿದ್ದವಳು ಅವಳೊಬ್ಬಳೇ. ನನಗೆ ನನ್ನ ಅಕ್ಕ ಬೇಕಾಗಿದ್ದಳು.

ಒಂದು ಸೋಮವಾರ ದೂರುಗಳ ರಾಶಿಯಲ್ಲಿ ಅವಳ ಹೆಸರು ಕಂಡಿತು. ‘ಕಿಟಕಿ ತೆರೆಯಲಿಲ್ಲ’ ಅಂತ ಬರೆದಿದ್ದಳು. ಎಂಜಿನ್ ವಿಷಾದಿಸಿತು. ಬುಧವಾರ, ‘ಕಂಡಕ್ಟರ್ ನನ್ನನ್ನು ಅಜ್ಜಿ ಅಂದ.’ ವಿಷಾದಿಸಿತು. ಶುಕ್ರವಾರ, ‘ಬಸ್ಸು ಖಾಲಿ ಇತ್ತು, ಒಬ್ಬಳೇ ಕೂರಬೇಕಾಯಿತು.’ ಅದಕ್ಕೂ ಅಷ್ಟೇ ತೀವ್ರವಾಗಿ ವಿಷಾದಿಸಿತು. ಒಂದು ಲಕೋಟೆಯೂ ವಾಪಸ್ ಬರಲಿಲ್ಲ. ನನ್ನ ಕಾಗದ ಮುಟ್ಟದವಳು ಸಂಸ್ಥೆಯ ಕಾಗದ ಓದುತ್ತಿದ್ದಳು. ನನಗೆ ಖುಷಿಯೂ ಆಯಿತು, ಹೊಟ್ಟೆಕಿಚ್ಚೂ ಆಯಿತು. ಹೊಟ್ಟೆಕಿಚ್ಚು ಯಾರ ಮೇಲೆ? ನಾನೇ ಬರೆದ ಸ್ಕ್ರಿಪ್ಟಿನ ಮೇಲೆ!

ಮರುವಾರ ಬಂದ ದೂರನ್ನು ನಾನು ನೋಡಿದ್ದು ಉತ್ತರ ಹೊರಟುಹೋದ ಮೇಲೆ. ಕಡತಕ್ಕೆಂದು ಉಳಿಸಿಕೊಂಡ ಪ್ರತಿಯಲ್ಲಿ ಹೀಗಿತ್ತು: ‘ಮಾನ್ಯರೇ, ತಾವು ಬರೆದ “ಅಮ್ಮ ಹೋದ ದಿನ ನನ್ನ ತಂಗಿ ಬರಲಿಲ್ಲ, ಅವಳ ಸಿಬ್ಬಂದಿ ಸಂಖ್ಯೆ ನಾನೂರ ಹನ್ನೆರಡು” ಎಂಬ ವಿಷಯಕ್ಕೆ ನಮಗೆ ತೀವ್ರ ವಿಷಾದವಿದೆ. ಸಂಬಂಧಪಟ್ಟ ಸಿಬ್ಬಂದಿಯಿಂದ ವಿವರಣೆ ಕೇಳಲಾಗಿದೆ. ಇಂಥ ಘಟನೆ ಮರುಕಳಿಸದಂತೆ ನೋಡಿಕೊಳ್ಳಲಾಗುವುದು. ನಮ್ಮ ಸೇವೆಯನ್ನು ಮತ್ತೆ ಬಳಸಿಕೊಳ್ಳಿ.’

ನಮಗೆ ಇದ್ದದ್ದು ಒಬ್ಬಳೇ ಅಮ್ಮ. ಮರುಕಳಿಸುವುದಕ್ಕೆ ಏನು ಉಳಿದಿತ್ತು?

ಅಷ್ಟರಲ್ಲಿ ಪ್ರಿಂಟರ್ ಇನ್ನೊಂದು ಹಾಳೆ ಉಗುಳಿತು. ಅದು ನನಗೇ ಬಂದ ನೋಟಿಸು. ದೂರಿನಲ್ಲಿ ಸಿಬ್ಬಂದಿ ಸಂಖ್ಯೆ ಇದ್ದರೆ ಅವರಿಗೆ ನೋಟಿಸು ಕಳಿಸು ಅಂತ ಬರೆದವಳೂ ನಾನೇ. ಗುರುತು ಹಾಕಲು ಐದು ಕಾರಣಗಳಿದ್ದವು: ಬಸ್ಸು ಕೆಟ್ಟಿತ್ತು, ಟೈರ್ ಪಂಕ್ಚರ್ ಆಗಿತ್ತು, ರಸ್ತೆ ಬಂದ್ ಆಗಿತ್ತು, ಅನಾರೋಗ್ಯ, ಪ್ರಯಾಣಿಕರೇ ತಡಮಾಡಿದರು.

“ಯಾವುದಾದ್ರೂ ಒಂದಕ್ಕೆ ಗುರುತು ಹಾಕಿ ಮುಗಿಸಮ್ಮ,” ಅಂದರು ಸಾಹೇಬರು.

“ಇದ್ಯಾವುದೂ ಅಲ್ಲ ಸಾರ್.”

“ಮತ್ತೆ ಯಾಕೆ ಹೋಗ್ಲಿಲ್ಲ?”

ಕಂಪ್ಯೂಟರಿನ ಕಡೆ ಕೈ ತೋರಿಸಿದೆ. “ಅವತ್ತು ಅಕ್ಕ ಫೋನ್ ಮಾಡಿದಾಗ ಇದನ್ನ ಬರೀತಿದ್ದೆ. ಒಂದು ತಪ್ಪು ಸಿಗ್ತಾನೇ ಇರ್ಲಿಲ್ಲ. ಇನ್ನೈದು ನಿಮಿಷ, ಇನ್ನೈದು ನಿಮಿಷ ಅಂತ ಕೂತೆ. ಸಿಕ್ಕೋ ಹೊತ್ತಿಗೆ ಅಮ್ಮ ಹೋಗಿದ್ಲು.”

ಸಾಹೇಬರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. “ಇದನ್ನ ಆರನೇ ಕಾರಣ ಅಂತ ಪಟ್ಟಿಗೆ ಸೇರಿಸೋಣ್ವಾ?” ಅಂತ ಮೆಲ್ಲಗೆ ಕೇಳಿದರು. ಪಾಪ, ಅವರ ಕರುಣೆ ಯಾವಾಗಲೂ ಅರ್ಜಿ ನಮೂನೆಯ ರೂಪದಲ್ಲೇ ಬರುತ್ತದೆ.

“ಬೇಡ ಸಾರ್. ಸಂಸ್ಥೆ ಲಕೋಟೆಯಲ್ಲಿ ಅವಳಿಗೊಂದು ಪತ್ರ ಬರೀತೀನಿ.”

“ಎಂಜಿನ್ನಿಂದ ಬಂದ್ರೆ ಮಾತ್ರ ಸಹಿ ಹಾಕ್ತೀನಿ. ನಿಯಮ.”

“ಹಾಗಾದ್ರೆ ಹೊಸ ಟೆಂಪ್ಲೇಟ್ ಮಾಡ್ತೀನಿ.”

“ಎಷ್ಟು ಜನಕ್ಕೆ?”

“ಒಬ್ಬಳಿಗೆ.”

“ಒಬ್ಬರಿಗೆ ಅಂದ್ರೆ ಅದು ಟೆಂಪ್ಲೇಟ್ ಹೇಗಾಗುತ್ತಮ್ಮ? ಅದು ಕಾಗದ.”

“ನಂಗಿರೋದೇ ಒಬ್ಬಳು ಅಕ್ಕ ಸಾರ್. ಏನ್ ಮಾಡ್ಲಿ?”

ಮಾರನೇ ದಿನ ಬೆಳಗ್ಗೆ ಬರೆಯಲು ಕೂತೆ. ಹೆಸರಿನ ಜಾಗಕ್ಕೆ ‘ಅಕ್ಕ’ ಅಂತ ಕೊಟ್ಟೆ, ಎಂಜಿನ್ ವಾಡಿಕೆಯಂತೆ ‘ಮಾನ್ಯ ಅಕ್ಕ ಅವರೇ’ ಅಂದಿತು. ‘ಮಾನ್ಯ’ವನ್ನು ಕಿತ್ತುಹಾಕಿದೆ. ಅಕ್ಕ ಬಾ ಅಂದರೆ ‘ನಾಳೆ ಬರುತ್ತೇನೆ’, ಇಲ್ಲದಿದ್ದರೆ ‘ನಾಳೆ ಬರುತ್ತೇನೆ’ ಅಂತ ಷರತ್ತು ಬರೆದೆ. ಸಾಹೇಬರು ಬೆನ್ನ ಹಿಂದಿನಿಂದ ಬಗ್ಗಿ ನೋಡಿ, “ಎರಡೂ ಕಡೆ ಒಂದೇ ಇದೆಯಲ್ಲ, ಷರತ್ತು ಯಾಕೆ?” ಅಂದರು. ನಿಜವೇ. ಅಳಿಸಿದೆ. ಕೊನೆಗೆ ಉಳಿದದ್ದು ಇಷ್ಟು: ‘ಅಕ್ಕ, ಅವತ್ತು ನಾನು ಬರಬೇಕಿತ್ತು. ಹೇಳಿಕೊಳ್ಳುವಂಥ ಕಾರಣ ಒಂದೂ ಇಲ್ಲ. ನಾಳೆ ಬರುತ್ತೇನೆ.’ ಸಾಹೇಬರು ಎರಡು ಸಲ ಓದಿ, ಎಂದಿಗಿಂತ ದೊಡ್ಡದಾಗಿ ಸಹಿ ಹಾಕಿದರು. ಒಂಬತ್ತೂವರೆಯ ಬಸ್ಸಿಗೆ ಪತ್ರ ಹೋಯಿತು.

ಮಧ್ಯಾಹ್ನ ಎರಡೂವರೆಗೆ ಅಕ್ಕನ ಹೊಸ ದೂರು ಬಂತು. ‘ನಾಳೆ ಅಂತ ಬರೆದಿದ್ದೀರಿ. ಅವತ್ತು ಫೋನಿನಲ್ಲೂ ಅವಳು ನಾಳೆ ಬರ್ತೀನಿ ಅಂದಿದ್ದಳು.’

ದಿನವೂ ಮೂರು ಗಂಟೆಗೆ ಎಂಜಿನ್ ತಾನಾಗಿ ಓಡುತ್ತದೆ. ಇನ್ನು ಅರ್ಧ ಗಂಟೆಗೆ ಅದು ಈ ಮಾತಿಗೂ ತೀವ್ರವಾಗಿ ವಿಷಾದಿಸುತ್ತದೆ, ಸಹಿ ಬೀಳುತ್ತದೆ, ಲಕೋಟೆ ಬಸ್ಸು ಹತ್ತುತ್ತದೆ. ಪಿತ್ತ ನೆತ್ತಿಗೇರಿತು. ಯಾರ ಮೇಲೆ ಅಂತ ನೋಡಲು ಪುರುಸೊತ್ತಿರಲಿಲ್ಲ. ಎಂಜಿನ್ ನಿಲ್ಲಿಸಿ ಬ್ಯಾಗು ಹೆಗಲಿಗೆ ಹಾಕಿದೆ.

“ಏನಮ್ಮ ಇದು! ಇವತ್ತಿನ ಆರುನೂರು ವಿಷಾದ ಏನಾಗ್ಬೇಕು?” ಸಾಹೇಬರು ಕುರ್ಚಿಯಿಂದ ಅರ್ಧ ಎದ್ದರು.

“ಇವತ್ತೊಂದು ದಿನ ಯಾರಿಗೂ ವಿಷಾದ ಬೇಡ ಸಾರ್,” ಅಂದೆ.

ಅಕ್ಕನ ಮನೆಯ ಗಂಟೆ ಒತ್ತಿದೆ. ಪರದೆ ಅಲುಗಿತು. ತುಂಬ ಹೊತ್ತಿನ ಮೇಲೆ ಚಿಲಕ ಸರಿಯಿತು. ಅಕ್ಕನ ಕೂದಲು ನರೆತಿತ್ತು, ಕಂಡಕ್ಟರನ ತಪ್ಪೇನೂ ಇರಲಿಲ್ಲ.

“ನಾಳೆ ಅಂದಿದ್ರಲ್ಲ,” ಅಂದಳು, ಸಂಸ್ಥೆಗೆ ಹೇಳುವ ಹಾಗೆ.

“ತಪ್ಪಾಯ್ತು ಅಕ್ಕ. ಅವತ್ತು ನಾನು ಬರಬೇಕಿತ್ತು.”

“ನೀನು ಬರಲಿಲ್ಲ ಅಂತ ಮಾತು ಬಿಟ್ಟೆ ಅಂದ್ಕೊಂಡಿದ್ದೀಯಾ?” ಅಂದಳು. “ಕೊನೇ ಗಳಿಗೇಲಿ ಅಮ್ಮ ನನ್ನನ್ನೇ ನೀನು ಅಂದ್ಕೊಂಡ್ಲು ಕಣೆ. ನಿನ್ನ ಹೆಸರು ಹಿಡಿದು ಕರೆದ್ಲು. ಬಂದೆಯಾ ಅಂದ್ಲು. ನಾನು, ಹೂಂ ಅಮ್ಮ, ಬಂದೆ ಅಂದೆ. ತಲೆ ಸವರಿದ್ಲು. ಹೋದ್ಲು. ನನ್ನನ್ನ ಕರೀಲೇ ಇಲ್ಲ.”

ಹೊಸ್ತಿಲಲ್ಲೇ ಅವಳ ತಲೆಯ ಮೇಲೆ ಕೈ ಇಟ್ಟೆ. ಹುಟ್ಟಿದಾಗಿನಿಂದ ಅಕ್ಕ ಅಂತಲೇ ಕರೆದವಳು, ಮೊದಲ ಸಲ ಅವಳ ಹೆಸರು ಹಿಡಿದು ಕರೆದೆ, ಅಮ್ಮ ಕರೆಯುತ್ತಿದ್ದ ಹಾಗೆ. ಅವಳು ಓಗೊಟ್ಟಳು.